ಸಾವಯವ ಹಾಲು, ಸಾಮಾನ್ಯ ಹಾಲು: ದುಪ್ಪಟ್ಟು ಬೆಲೆಗೆ ಸಿಗುವುದೇನು?

ಪ್ರಶ್ನೆ: ನಾವು ಮೈಸೂರಿನವರು. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ಒಂದೂವರೆ ವರ್ಷದ ಮಗ ಇದ್ದಾರೆ. ಇಷ್ಟು ವರ್ಷ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲನ್ನೇ ತರುತ್ತಿದ್ದೇವೆ. ಪ್ಯಾಕೆಟ್ ಹಾಲಿನಲ್ಲಿ ಹಾರ್ಮೋನ್ ಮತ್ತು ಆ್ಯಂಟಿಬಯೋಟಿಕ್ ಇರುತ್ತವೆ, ಹೆಣ್ಣುಮಕ್ಕಳು ಬೇಗ ಮೈನೆರೆಯಲು ಅದೇ ಕಾರಣ ಎಂದು ಪರಿಚಿತರೊಬ್ಬರು ಹೇಳಿದಾಗಿನಿಂದ ಭಯವಾಗಿದೆ. ಸಾವಯವ ಹಾಲಿನ ಬೆಲೆ ಹೆಚ್ಚುಕಡಿಮೆ ಎರಡರಷ್ಟಿದೆ. ಅಷ್ಟು ಕೊಟ್ಟು ಕೊಳ್ಳುವಂಥ ವ್ಯತ್ಯಾಸ ನಿಜವಾಗಿಯೂ ಇದೆಯೇ? ಎ2 ಹಾಲು ಎಂದರೆ ಸಾವಯವ ಹಾಲೇ?

ಉತ್ತರ: ಭಯಕ್ಕಾಗಿ ನೀವು ಹಾಲು ಬದಲಾಯಿಸಬೇಕಾಗಿಲ್ಲ. ಸಾವಯವ ಹಾಲನ್ನು ಆರಿಸಿಕೊಳ್ಳಲು ಒಳ್ಳೆಯ ಕಾರಣಗಳು ಖಂಡಿತ ಇವೆ, ಆದರೆ ನಿಮ್ಮ ಪರಿಚಿತರು ಹೇಳಿದ ಕಾರಣಗಳು ಅವಲ್ಲ. ಹಾಲಿನ ವಿಷಯದಲ್ಲಿ ತಾಯಿ ತಂದೆಯರು ನಿಜವಾಗಿ ಎಚ್ಚರ ವಹಿಸಬೇಕಾದ ಒಂದು ಸಂಗತಿಯೂ ಇದೆ; ಅದರ ಬಗ್ಗೆ ಯಾರೂ ಹೆಚ್ಚಾಗಿ ಮಾತನಾಡುವುದಿಲ್ಲ, ಸಾವಯವ ಮುದ್ರೆಯೊಂದೇ ಅದನ್ನು ತಡೆಯುವುದೂ ಇಲ್ಲ.

ಮೊದಲು ಆ ಮುದ್ರೆ ಏನನ್ನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಹಾಲು ಯಾವ ಕ್ರಮದಲ್ಲಿ ಉತ್ಪತ್ತಿಯಾಯಿತು ಎಂಬುದಕ್ಕೆ ಅದು ಸಾಕ್ಷಿ. ಲೋಟದೊಳಗಿನ ಹಾಲಿನಲ್ಲಿ ಯಾವ ಅಂಶ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಈ ದೃಢೀಕರಣಕ್ಕೆ ಎರಡು ದಾರಿಗಳಿವೆ. ವಾಣಿಜ್ಯ ಸಚಿವಾಲಯ 2001ರಲ್ಲಿ ಆರಂಭಿಸಿದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಲ್ಲಿ, ಮಾನ್ಯತೆ ಪಡೆದ ಸಂಸ್ಥೆಯವರು ಬಂದು ಜಮೀನು, ಕೊಟ್ಟಿಗೆ, ಮೇವಿನ ಲೆಕ್ಕ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಕೃಷಿ ಸಚಿವಾಲಯದ ಪಿಜಿಎಸ್-ಇಂಡಿಯಾ ವ್ಯವಸ್ಥೆಯಲ್ಲಿ ರೈತರ ಗುಂಪುಗಳೇ ಒಬ್ಬರ ಜಮೀನನ್ನು ಇನ್ನೊಬ್ಬರು ಪರಿಶೀಲಿಸಿ ದೃಢೀಕರಿಸುತ್ತಾರೆ. ಎಫ್‌ಎಸ್‌ಎಸ್‌ಎಐ ಎಂದು ನಾವೆಲ್ಲ ಕರೆಯುವ ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಾವಳಿ 2018ರ ಜುಲೈಯಿಂದ ಜಾರಿಗೆ ಬಂದ ಮೇಲೆ, ಈ ಎರಡರಲ್ಲಿ ಒಂದು ದೃಢೀಕರಣವಿಲ್ಲದೆ ಪ್ಯಾಕೆಟ್ಟಿನ ಮೇಲೆ ಸಾವಯವ ಎಂದು ಬರೆದು ಅಂಗಡಿಗೆ ಕಳಿಸುವಂತಿಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿದ್ದು ನೇರವಾಗಿ ಗ್ರಾಹಕರಿಗೇ ಮಾರುವ ಸಣ್ಣ ಉತ್ಪಾದಕರಿಗೆ ಮಾತ್ರ ವಿನಾಯಿತಿ ಇದೆ.

ದೃಢೀಕರಣ ಬೇಕೆನ್ನುವ ರೈತ ತನ್ನ ಮೇವಿನ ಹೊಲಕ್ಕೆ ರಾಸಾಯನಿಕ ಗೊಬ್ಬರ, ಕೀಟನಾಶಕ, ಕಳೆನಾಶಕ ಯಾವುದನ್ನೂ ಹಾಕುವಂತಿಲ್ಲ. ಬಿಟ್ಟ ಕೂಡಲೇ ಆ ಹೊಲ ಸಾವಯವವಾಗುವುದಿಲ್ಲ, ಪರಿವರ್ತನೆಯ ಅವಧಿ ಕಳೆಯಬೇಕು. ಹಸುವಿಗೆ ಬೆಳವಣಿಗೆಯ ಹಾರ್ಮೋನ್ ಕೊಡುವಂತಿಲ್ಲ, ರೋಗವಿಲ್ಲದಾಗ ಮುನ್ನೆಚ್ಚರಿಕೆಗೆಂದು ಆ್ಯಂಟಿಬಯೋಟಿಕ್ ಕೊಡುವಂತಿಲ್ಲ, ಹುಲ್ಲಿಗೆ ಯೂರಿಯಾ ಬೆರೆಸುವಂತಿಲ್ಲ, ದಿನವಿಡೀ ಗೂಟಕ್ಕೆ ಕಟ್ಟಿ ನಿಲ್ಲಿಸುವಂತಿಲ್ಲ. ಕುಲಾಂತರಿ ಬೆಳೆಯಿಂದ ಬಂದ ಆಹಾರವೂ ನಿಷಿದ್ಧ. ಈ ಕೊನೆಯ ನಿಯಮವನ್ನು ಓದುವವರು ಅದರ ಭಾರವನ್ನು ಗಮನಿಸದೇ ಹೋಗಬಹುದು. ದೇಶದ ಹತ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬಿಟಿ ಎಂಬ ಕುಲಾಂತರಿ ಹತ್ತಿಯೇ ಆಗಿರುವಾಗ, ಕರಾವಿನ ಹಸುವಿಗೆ ಹಾಲಿನ ಕೊಬ್ಬು ಏರಲೆಂದು ನಮ್ಮ ರೈತರು ನಂಬಿ ತಿನ್ನಿಸುವ ಹತ್ತಿಕಾಳು ಹಿಂಡಿ ಸಾವಯವ ಕೊಟ್ಟಿಗೆಯಿಂದ ಬಹುಮಟ್ಟಿಗೆ ಹೊರಗೆ ಉಳಿಯುತ್ತದೆ. ಅದರ ಬದಲು ಕುದುರೆಮೆಂತೆ, ಅಲಸಂದೆ, ಅಗಸೆ ಸೊಪ್ಪು, ಸೀಮೆಹುಲ್ಲು, ತನ್ನದೇ ಹೊಲದ ಮುಸುಕಿನ ಜೋಳ ಇವುಗಳಿಂದ ಪ್ರೋಟೀನು, ಶಕ್ತಿ ಎರಡನ್ನೂ ಹೊಂದಿಸಬೇಕು. ನೀವು ಕೊಡುವ ಹೆಚ್ಚಿನ ಬೆಲೆಯ ಬಹುಪಾಲು ಹೋಗುವುದು ಈ ಹೊಂದಾಣಿಕೆಗೆ, ಅದರಿಂದ ಇಳಿಯುವ ಇಳುವರಿಗೆ, ಪ್ರತ್ಯೇಕವಾಗಿ ಹಾಲು ಸಂಗ್ರಹಿಸಿ ಸಾಗಿಸುವ ಖರ್ಚಿಗೆ. ಆ ದುಡ್ಡು ಸುಮ್ಮನೆ ಹೋಗುತ್ತದೆ ಎಂದು ನಾನು ಎಂದೂ ಹೇಳುವುದಿಲ್ಲ. ತಿಪಟೂರಿನ ಸುತ್ತ 2010ರಿಂದೀಚೆಗೆ ಈ ಕ್ರಮಕ್ಕೆ ಬಂದ ಹೈನುಗಾರರ ತೋಟಗಳಿಗೆ ಯಾರಾದರೂ ಹೋಗಿ, ಸಗಣಿ ಬಗ್ಗಡ ಗೋಬರ್ ಗ್ಯಾಸ್ ಗುಂಡಿಯಿಂದ ನೇರವಾಗಿ ಮೇವಿನ ತಾಕಿಗೆ ಹರಿಯುವುದನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ಇದರ ಎದುರಿಗೆ ಇಟ್ಟು ನೋಡುವ ನಮ್ಮ ‘ಸಾಮಾನ್ಯ’ ಹಾಲು ಯಾವುದು? ಇಲ್ಲಿಯೇ ಹೆಚ್ಚಿನ ಗೊಂದಲ ಹುಟ್ಟುವುದು. ನೀವು ಓದುವ ಹೋಲಿಕೆಗಳಲ್ಲಿ ಬಹಳಷ್ಟು ಅಮೆರಿಕ, ಯುರೋಪುಗಳಿಂದ ಬಂದವು. ಅಲ್ಲಿ ಸಾಮಾನ್ಯ ಹಾಲು ಎಂದರೆ ನೂರಾರು, ಕೆಲವೆಡೆ ಸಾವಿರಾರು ಹಸುಗಳನ್ನು ಚಾವಣಿಯಡಿ ಸಾಕಿ, ಜೋಳದ ರಸಮೇವು (ಗಾಳಿಯಾಡದಂತೆ ಹುಳಿಸಿಟ್ಟ ಹಸಿ ಮೇವು) ಮತ್ತು ಧಾನ್ಯ ತಿನ್ನಿಸಿ ಕರೆದ ಹಾಲು. ಅದಕ್ಕೇ ಅಮೆರಿಕದ ಸಾವಯವ ನಿಯಮ, ಹಸು ವರ್ಷಕ್ಕೆ ಕನಿಷ್ಠ 120 ದಿನ ಹುಲ್ಲುಗಾವಲಿನಲ್ಲಿ ಮೇಯಬೇಕು, ಆ ಮೇವಿನ ಋತುವಿನಲ್ಲಿ ತಿನ್ನುವ ಒಣಾಂಶದ ಶೇ 30 ಅಲ್ಲಿಂದಲೇ ಬರಬೇಕು ಎಂದು ಲೆಕ್ಕ ಹಾಕಿ ಹೇಳುತ್ತದೆ. ಮಂಡ್ಯ, ಹಾಸನ, ಕೋಲಾರದ ಕಡೆ ಡೇರಿಗೆ ಹಾಲು ಹಾಕುವ ಮನೆಯಲ್ಲಿ ಎರಡೋ ಮೂರೋ ಮಿಶ್ರತಳಿ ಹಸುಗಳಿರುತ್ತವೆ. ರಾಗಿ ಹುಲ್ಲು, ಬದುವಿನ ಸೀಮೆಹುಲ್ಲು, ಹಸಿ ಜೋಳದ ದಂಟು ಅವುಗಳ ಹೊಟ್ಟೆ ತುಂಬಿಸಿದರೆ, ಕರೆಯುವ ಹೊತ್ತಿಗೆ ಬಕೆಟ್ಟಿನಲ್ಲಿ ನೆನೆಸಿದ ಬೂಸಾ, ಹಿಂಡಿ, ಚೀಲದ ಪಶು ಆಹಾರ ಮುಂದೆ ಬರುತ್ತದೆ. ಆ ಹಾಲು ಊರಿನ ಸಂಘದಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿಸಿಕೊಂಡು ನೂರಾರು ಮನೆಗಳ ಹಾಲಿನೊಂದಿಗೆ ಬಲ್ಕ್ ಕೂಲರ್‌ನಲ್ಲಿ ಬೆರೆಯುತ್ತದೆ. ಹೀಗಾಗಿ ಸಾವಯವ ಹಾಲಿಗೂ ಸಾಮಾನ್ಯ ಹಾಲಿಗೂ ಪಶ್ಚಿಮದಲ್ಲಿ ಇರುವಷ್ಟು ದೂರ ನಮ್ಮಲ್ಲಿಲ್ಲ. ಬೆರೆಯುವುದರಿಂದ ಒಂದು ಮನೆಯ ತಪ್ಪು ತೆಳುವಾಗುತ್ತದೆ, ನಿಜ. ಆದರೆ ತಪ್ಪು ಯಾವ ಮನೆಯದು ಎಂದು ಹಿಂದಕ್ಕೆ ಹೋಗಿ ಹುಡುಕುವುದೂ ಕಷ್ಟವಾಗುತ್ತದೆ. ದೃಢೀಕೃತ ಸಾವಯವ ಹಾಲಿನಲ್ಲಿ ಪ್ರತಿ ರೈತನ ದಾಖಲೆ ಇರಲೇಬೇಕಾದ್ದರಿಂದ ಈ ಹುಡುಕಾಟ ಸಾಧ್ಯ. ನನ್ನ ಮಟ್ಟಿಗೆ ಸಾವಯವ ವ್ಯವಸ್ಥೆಯ ದೊಡ್ಡ ಗುಣ ಇದೇ.

ಈಗ ಹಾರ್ಮೋನಿನ ವಿಷಯ. ಹಸುವಿನ ಹಾಲನ್ನು ಹೆಚ್ಚಿಸಲು ಚುಚ್ಚುವ ಕೃತಕ ಬೆಳವಣಿಗೆ ಹಾರ್ಮೋನಿಗೆ ಅಮೆರಿಕ 1993ರಲ್ಲಿ ಒಪ್ಪಿಗೆ ಕೊಟ್ಟಿತು. ಕೆನಡಾ ಮತ್ತು ಯುರೋಪು ಒಪ್ಪಲಿಲ್ಲ. ಆ ಜಗಳದ ಪ್ರತಿಧ್ವನಿಯೇ ಇಂದು ನಮ್ಮ ಮೊಬೈಲುಗಳಿಗೂ ಬಂದು ತಲುಪುತ್ತಿದೆ. ನಮ್ಮಲ್ಲಿ ದುರ್ಬಳಕೆಯಾಗುವುದು ಬೇರೆಯೇ ಒಂದು ಔಷಧ, ಆಕ್ಸಿಟೋಸಿನ್. ಕರು ಸತ್ತ ಎಮ್ಮೆಯೋ ಹಸುವೋ ಸೊರೆ ಬಿಡದೆ ಹಾಲು ತಡೆದಾಗ ಕೆಲವರು ಅದನ್ನು ಚುಚ್ಚುತ್ತಾರೆ. ಈ ದುರ್ಬಳಕೆಯನ್ನು ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ಅದರ ತಯಾರಿಕೆಯನ್ನು ಖಾಸಗಿಯವರಿಂದ ತಪ್ಪಿಸಿ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಗೆ ಮಾತ್ರ ಸೀಮಿತಗೊಳಿಸಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಾಲು ಇಳಿಸಲೆಂದು ಈ ಔಷಧ ಚುಚ್ಚುವುದು ಪ್ರಾಣಿಗೆ ಹಿಂಸೆ, ಕಾನೂನಿಗೂ ವಿರುದ್ಧ. ಹಾಲು ಕುಡಿಯುವವರ ಮಾತು ಬೇರೆ: ಆಕ್ಸಿಟೋಸಿನ್ ಒಂದು ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕಿನಂಥದ್ದು, ಹಸುವಿನ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ, ಅಳಿದುಳಿದದ್ದು ಹಾಲಿಗೆ ಬಂದರೂ ನಮ್ಮ ಜಠರದಲ್ಲಿ ಬೇರೆ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಇನ್ನು ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಇವು ಎಲ್ಲ ಹಾಲಿನಲ್ಲಿಯೂ ಅತಿ ಸ್ವಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತವೆ, ಗಬ್ಬದ ಹಸುವಿನ ಹಾಲಿನಲ್ಲಿ ಇನ್ನಷ್ಟು. ಸಾವಯವ ಹಸುವೂ ಗಬ್ಬವಾಗುತ್ತದೆ, ಅದರ ಹಾಲಿನಲ್ಲೂ ಇರುತ್ತವೆ. ಹೆಣ್ಣುಮಕ್ಕಳು ಬೇಗ ಮೈನೆರೆಯುವುದಕ್ಕೆ ಬಾಲ್ಯದಲ್ಲಿ ಏರುವ ದೇಹದ ತೂಕದೊಂದಿಗೆ ಇರುವ ನಂಟು ಸ್ಪಷ್ಟವಾಗಿ ಗೊತ್ತಿದೆ. ಎಂಟು ವರ್ಷ ತುಂಬುವ ಮೊದಲೇ ಎದೆ ಬೆಳೆಯುವಂಥ ಚಿಹ್ನೆ ಕಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಹಾಲಿನ ಬ್ರ್ಯಾಂಡ್ ಬದಲಾಯಿಸಿ ಕಾಯುತ್ತ ಕೂರಬಾರದು. ಒಂಬತ್ತು ದಾಟಿದ ಮೇಲೆ ಶುರುವಾದರೆ ಅದು ಬಹಳಷ್ಟು ಮಕ್ಕಳಲ್ಲಿ ಸಹಜವಾದದ್ದೇ.

ಆ್ಯಂಟಿಬಯೋಟಿಕ್ ಬಗೆಗಿನ ಆತಂಕಕ್ಕೆ ಇದಕ್ಕಿಂತ ಹೆಚ್ಚು ಆಧಾರವಿದೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳನ್ನು ಕಾಡುವ ರೋಗ ಕೆಚ್ಚಲು ಬಾವು. ಮೊಲೆತೊಟ್ಟಿನೊಳಕ್ಕೇ ಔಷಧದ ಟ್ಯೂಬ್ ಏರಿಸಿದ ಮೇಲೆ ಅದರ ಅಂಶ ಕೆಲವು ದಿನ ಹಾಲಿನಲ್ಲಿ ಇಳಿಯುತ್ತಲೇ ಇರುತ್ತದೆ. ಔಷಧದ ಪೊಟ್ಟಣದ ಮೇಲೆ ಬರೆದಷ್ಟು ದಿನ, ಏನೂ ಬರೆದಿರದಿದ್ದರೆ 2012ರಲ್ಲಿ ತಂದ ನಿಯಮದ ಪ್ರಕಾರ ಕನಿಷ್ಠ 7 ದಿನ, ಆ ಹಾಲನ್ನು ಮಾರುವಂತಿಲ್ಲ. ದಿನಕ್ಕೆ ಹತ್ತು ಲೀಟರ್ ಹಾಲು ಚೆಲ್ಲುವುದೆಂದರೆ ಎರಡು ಹಸು ಸಾಕಿಕೊಂಡ ಮನೆಗೆ ಎಂಥ ಪೆಟ್ಟು ಎಂಬುದನ್ನು ನಾವೂ ಅರ್ಥ ಮಾಡಿಕೊಳ್ಳಬೇಕು. ನಿಯಮ ಮುರಿಯುವುದು ಹೆಚ್ಚಾಗಿ ಅಲ್ಲಿಯೇ. ಹಾಗಿದ್ದರೂ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ 1,103 ಪಟ್ಟಣಗಳಿಂದ 6,432 ಮಾದರಿಗಳನ್ನು ತೆಗೆದು ನಡೆಸಿದ ಸಮೀಕ್ಷೆಯಲ್ಲಿ ಮಿತಿ ಮೀರಿ ಆ್ಯಂಟಿಬಯೋಟಿಕ್ ಕಂಡದ್ದು 77 ಮಾದರಿಗಳಲ್ಲಿ, ಅಂದರೆ ಶೇ 1.2ರಷ್ಟರಲ್ಲಿ. ಅದು ಶೂನ್ಯವಾಗಬೇಕು, ಆದರೆ ಪ್ರತಿ ಪ್ಯಾಕೆಟ್ಟಿನಲ್ಲೂ ಔಷಧವಿದೆ ಎಂಬ ಮಾತನ್ನು ಈ ಅಂಕಿ ಒಪ್ಪುವುದಿಲ್ಲ. ಮನೆಯಲ್ಲಿ ಹಾಲು ಹೆಪ್ಪು ಹಾಕಿದಾಗ ಚಳಿಯೂ ಇಲ್ಲ, ಹೆಪ್ಪೂ ಚೆನ್ನಾಗಿದೆ, ಆದರೂ ಮೊಸರು ನೀರುನೀರಾಗಿ ಗಟ್ಟಿಯಾಗದೆ ಉಳಿದರೆ ಔಷಧದ ಅನುಮಾನಕ್ಕೆ ಅದೂ ಒಂದು ಕಾರಣ, ಏಕೆಂದರೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಆ್ಯಂಟಿಬಯೋಟಿಕ್‌ಗೆ ಬೇಗ ಸಾಯುತ್ತವೆ. ಮೊಸರು ಗಟ್ಟಿಯಾಯಿತು ಎಂದ ಮಾತ್ರಕ್ಕೆ ಔಷಧವೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಸಣ್ಣ ಪ್ರಮಾಣವನ್ನು ಪ್ರಯೋಗಾಲಯವೇ ಹಿಡಿಯಬೇಕು.

ಸಾವಯವ ಪದ್ಧತಿಯಲ್ಲಿ ರೋಗ ಬಂದ ಹಸುವಿಗೆ ಆ್ಯಂಟಿಬಯೋಟಿಕ್ ಕೊಟ್ಟರೆ ಏನಾಗುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಅಂಥ ಹಸು ಶಾಶ್ವತವಾಗಿ ಸಾವಯವ ಹಿಂಡಿನಿಂದ ಹೊರಹೋಗುತ್ತದೆ. ಯುರೋಪಿನಲ್ಲಿ ಔಷಧದ ಕಾಯುವ ಅವಧಿಯ ಎರಡರಷ್ಟು ದಿನ ಹಾಲನ್ನು ಪ್ರತ್ಯೇಕಿಸಿದರೆ ಸಾಕು. ನರಳುವ ಪ್ರಾಣಿಗೆ ಚಿಕಿತ್ಸೆ ನಿರಾಕರಿಸುವಂತೆ ರೈತನನ್ನು ನೂಕದ ಎರಡನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ನಮ್ಮ ನಿಯಮವೂ ಚಿಕಿತ್ಸೆಯನ್ನು ನಿಷೇಧಿಸುವುದಿಲ್ಲ, ಲಸಿಕೆಯನ್ನಂತೂ ಅಲ್ಲವೇ ಅಲ್ಲ. ಇದರ ಜೊತೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಒಂದು ಮನೆಮದ್ದು ಸಾವಯವ ಕ್ರಮದಲ್ಲಿರದ ರೈತರಿಗೂ ಉಪಯುಕ್ತ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಪುಡಿ, 15 ಗ್ರಾಂ ಸುಣ್ಣ ಮೂರನ್ನೂ ನುಣ್ಣಗೆ ರುಬ್ಬಿ, ನೀರು ಬೆರೆಸಿ ತೆಳುವಾಗಿಸಿ, ತೊಳೆದ ಕೆಚ್ಚಲಿಗೆ ದಿನದಲ್ಲಿ ಹಲವು ಸಲ ಹಚ್ಚುವುದು. ಬಾವು ಆರಂಭವಾದಾಗಲೇ ಹಿಡಿದರೆ ಎಷ್ಟೋ ಸಲ ಟ್ಯೂಬ್ ಏರಿಸುವ ಪ್ರಮೇಯವೇ ಬರುವುದಿಲ್ಲ.

ಪೌಷ್ಟಿಕತೆಯ ಮಾತಿಗೆ ಬರೋಣ. ಪ್ರೋಟೀನು, ಕ್ಯಾಲ್ಸಿಯಂ, ಸಕ್ಕರೆಯ ಅಂಶ ಇವುಗಳಲ್ಲಿ ಎರಡು ಹಾಲುಗಳಿಗೂ ಹೇಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಕೊಬ್ಬಿನ ಸ್ವರೂಪದಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಾವಯವ ಹಾಲಿನ ಕೊಬ್ಬಿನಲ್ಲಿ ಒಮೆಗಾ-3 ಆಮ್ಲಗಳು ಸುಮಾರು ಅರ್ಧದಷ್ಟು ಹೆಚ್ಚಾಗಿರುವುದೂ, ಅಯೋಡಿನ್ ಮತ್ತು ಸೆಲೆನಿಯಂ ಸಾಮಾನ್ಯ ಹಾಲಿಗಿಂತ ಕಡಿಮೆ ಇರುವುದೂ ಕಂಡುಬಂತು. ಮೊದಲ ಅರ್ಧವನ್ನು ಜಾಹೀರಾತುಗಳು ಹೇಳುತ್ತವೆ, ಎರಡನೆಯ ಅರ್ಧವನ್ನು ಹೇಳುವುದಿಲ್ಲ. ಒಂದು ಲೋಟ ಹಾಲಿನಲ್ಲಿರುವ ಒಟ್ಟು ಒಮೆಗಾ-3ಯೇ ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಒಂದು ಚಿಕ್ಕ ಚಮಚ ಅಗಸೆಬೀಜದ ಚಟ್ನಿಪುಡಿಯಲ್ಲಿ ಆ ವ್ಯತ್ಯಾಸದ ಹಲವು ಪಟ್ಟು ಸಿಗುತ್ತದೆ. ಅಲ್ಲದೆ ಈ ಹೆಚ್ಚಳಕ್ಕೆ ಕಾರಣ ಹಸಿ ಹುಲ್ಲು ಮತ್ತು ದ್ವಿದಳ ಮೇವು. ಮಲೆನಾಡಿನ ಬ್ಯಾಣದಲ್ಲಿ ಮೇದು ಸಂಜೆ ಮನೆಗೆ ಬರುವ ಗಿಡ್ಡ ತಳಿಯ ಹಸುವಿನ ಬಳಿ ಯಾವ ಪ್ರಮಾಣಪತ್ರವೂ ಇರದಿದ್ದರೂ ಅದರ ಹಾಲಿನ ಕೊಬ್ಬಿಗೆ ಈ ಗುಣ ಬರುತ್ತದೆ. ಒಣ ಹುಲ್ಲಿನ ಮೇಲೆ ಬೇಸಿಗೆ ಕಳೆಯುವ ಸಾವಯವ ಹಸುವಿನ ಹಾಲಿಗೆ ಅಷ್ಟಾಗಿ ಬರುವುದಿಲ್ಲ.

ನಾನು ಆರಂಭದಲ್ಲಿ ಹೇಳಿದ, ನಿಜವಾಗಿ ಎಚ್ಚರ ಬೇಕಾದ ಸಂಗತಿ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮುಸುಕಿನ ಜೋಳ ಇವುಗಳಲ್ಲಿ ತೇವ ಉಳಿದರೆ ಹಸಿರು ಹಳದಿ ಬೂಷ್ಟು ಬೆಳೆದು ಬಿ1 ಎಂಬ ವಿಷವನ್ನು ಉಂಟುಮಾಡುತ್ತದೆ. ಹಸುವಿನ ಪಿತ್ತಜನಕಾಂಗ ಅದನ್ನು ಎಂ1 ಎಂಬ ರೂಪಕ್ಕೆ ಬದಲಾಯಿಸುತ್ತದೆ, ಅದರ ಒಂದು ಭಾಗ ಒಂದೇ ದಿನದೊಳಗೆ ಹಾಲಿಗೆ ಬರುತ್ತದೆ. ಪಾಶ್ಚರೀಕರಣಕ್ಕಾಗಲಿ ನಾವು ಒಲೆಯ ಮೇಲೆ ಉಕ್ಕಿಸಿ ಕಾಯಿಸುವುದಕ್ಕಾಗಲಿ ಇದು ನಾಶವಾಗುವುದಿಲ್ಲ. ಹೆಚ್ಚು ಕಾಲ ಸೇವಿಸಿದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗಬಲ್ಲ ಈ ವಿಷಕ್ಕೆ ನಮ್ಮ ದೇಶದಲ್ಲಿ ಹಾಲಿನ ಪ್ರತಿ ಕಿಲೋಗೆ 0.5 ಮೈಕ್ರೋಗ್ರಾಂ ಎಂಬ ಮಿತಿಯಿದೆ. ಮೇಲೆ ಹೇಳಿದ 2018ರ ಸಮೀಕ್ಷೆಯಲ್ಲಿ ಬೆರಕೆ ಹಾಲು ಎಂದು ಸಿಕ್ಕಿಬಿದ್ದದ್ದು ಬರೀ 12 ಮಾದರಿಗಳು, ಆ ಮಿತಿಯನ್ನು ಮೀರಿ ಅಫ್ಲಾಟಾಕ್ಸಿನ್ ಕಂಡದ್ದು 368ರಲ್ಲಿ, ಅಂದರೆ ಶೇ 5.7ರಷ್ಟರಲ್ಲಿ. ಯೂರಿಯಾ, ಸಾಬೂನಿನ ಪುಡಿ ಬೆರೆಸುತ್ತಾರೆಂದು ನಾವು ವರ್ಷಗಟ್ಟಲೆ ಹೆದರಿದೆವು. ಹಿಂಡಿ ಚೀಲವನ್ನು ಒದ್ದೆ ನೆಲದ ಮೇಲೆ ಇಡಬೇಡಿ ಎಂದು ರೈತನಿಗೆ ಅಷ್ಟೇ ಒತ್ತಿ ಹೇಳಲಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಚೀಲದ ತಳಭಾಗಕ್ಕೆ ಕೈ ಹಾಕಿದರೆ ಹಿಂಡಿ ಬೆಚ್ಚಗೆ ಗಂಟುಗಟ್ಟಿ ಮುಗ್ಗಲು ವಾಸನೆ ಬರುತ್ತದೆ. ಅದನ್ನು ಬಿಸಾಡಲು ಮನಸ್ಸಾಗದೆ ನೀರಿನಲ್ಲಿ ನೆನೆಸಿ ಹಸುವಿಗೇ ಇಡುತ್ತಾರೆ. ಬೂಷ್ಟಿಗೆ ಸಾವಯವ ಹಿಂಡಿ, ರಾಸಾಯನಿಕ ಹಿಂಡಿ ಎಂಬ ಭೇದವಿಲ್ಲ. ಸಾವಯವ ಹೈನುಗಾರ ಹಿಂಡಿ ಕಡಿಮೆ, ಹಸಿ ಮೇವು ಹೆಚ್ಚು ಬಳಸುವುದರಿಂದ ಅಪಾಯ ಕಡಿಮೆಯಾಗಬಹುದು; ಒಣಗಿಸದ ಜೋಳ, ಕೆಟ್ಟ ರಸಮೇವು ಬಳಸಿದರೆ ಅದೇ ಅಪಾಯ ಅವನ ಹಾಲಿಗೂ ಇದೆ. ಆದ್ದರಿಂದ ನೀವು ಯಾವ ಹಾಲು ಕೊಂಡರೂ ಆ ಸಂಸ್ಥೆಗೆ ಬರೆದು ಕೇಳಬೇಕಾದ ಪ್ರಶ್ನೆ ಒಂದಿದ್ದರೆ, ಅಫ್ಲಾಟಾಕ್ಸಿನ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ, ಫಲಿತಾಂಶ ತೋರಿಸುತ್ತೀರಾ ಎಂಬುದು. ಹಳ್ಳಿಯ ಮನೆಯಿಂದ ನೇರ ಹಾಲು ತರಿಸುವವರು ಕೊಟ್ಟಿಗೆಗೆ ಹೋಗಿ ಹಿಂಡಿ ಚೀಲ ಎಲ್ಲಿಟ್ಟಿದ್ದಾರೆ ಎಂದು ನೋಡಬೇಕು. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ದೂರ ಇಟ್ಟಿದ್ದರೆ ಆ ಮನೆಯವರು ತಿಳಿದವರು.

ಕೀಟನಾಶಕದ ಶೇಷದ ವಿಷಯದಲ್ಲಿ ಸಾವಯವ ಹಾಲಿಗೆ ಮೇಲುಗೈ ಇದೆ, ಅದನ್ನು ಒಪ್ಪಲೇಬೇಕು. ಡಿಡಿಟಿಯಂಥ ಹಳೆಯ ವಿಷಗಳು ಕೊಬ್ಬಿನಲ್ಲಿ ಕರಗಿ ಹಾಲಿಗೆ ಬರುತ್ತಿದ್ದವು. ಈಗಿನವುಗಳಲ್ಲಿ ಬಹಳಷ್ಟು ಹಾಗೆ ಸಂಗ್ರಹವಾಗುವುದಿಲ್ಲವಾದ್ದರಿಂದ ಹಾಲಿನಲ್ಲಿ ಅಂತರ ಚಿಕ್ಕದು. ಹೊಲದಲ್ಲಿ ಔಷಧ ಹೊಡೆಯುವ ಕೂಲಿಯವರ ಮೈಗೆ, ಬಾವಿಯ ನೀರಿಗೆ, ಜೇನುನೊಣಕ್ಕೆ ಆಗುವ ಲಾಭ ಅದಕ್ಕಿಂತ ಬಹಳ ದೊಡ್ಡದು.

ಎ2 ಎಂಬುದು ಸಾವಯವಕ್ಕೆ ಸಂಬಂಧಿಸಿದ ಮಾತೇ ಅಲ್ಲ. ಹಾಲಿನ ಬೀಟಾ-ಕೇಸೀನ್ ಎಂಬ ಪ್ರೋಟೀನಿನ 67ನೆಯ ಸ್ಥಾನದಲ್ಲಿ ಯಾವ ಅಮೈನೋ ಆಮ್ಲವಿದೆ ಎಂಬುದರ ಮೇಲೆ ಎ1, ಎ2 ಎಂದು ಕರೆಯುತ್ತಾರೆ. ಅದು ಹಸುವಿನ ಹುಟ್ಟಿನೊಂದಿಗೇ ನಿರ್ಧಾರವಾಗುತ್ತದೆ. ಹಳ್ಳಿಕಾರ್, ಅಮೃತಮಹಲ್, ಗಿಡ್ಡ ಮುಂತಾದ ನಮ್ಮ ತಳಿಗಳಲ್ಲಿ ಬಹುಪಾಲು ಎ2, ಎಮ್ಮೆಯದೂ ಎ2. ರಾಸಾಯನಿಕ ಮೇವು ತಿಂದ ದೇಸಿ ಹಸುವಿನ ಹಾಲು ಎ2 ಆಗಿದ್ದೂ ಸಾವಯವವಲ್ಲ. ಸಾವಯವ ಕೊಟ್ಟಿಗೆಯ ಮಿಶ್ರತಳಿ ಹಸುವಿನ ಹಾಲು ಸಾವಯವವಾಗಿದ್ದೂ ಎ2 ಅಲ್ಲದಿರಬಹುದು. ಪ್ಯಾಕೆಟ್ಟಿನಿಂದ ಈ ಹಣೆಪಟ್ಟಿ ತೆಗೆಯಿರಿ ಎಂದು ಎಫ್‌ಎಸ್‌ಎಸ್‌ಎಐ 2024ರ ಆಗಸ್ಟಿನಲ್ಲಿ ಸೂಚಿಸಿ ಕೆಲವೇ ದಿನಗಳಲ್ಲಿ ಸೂಚನೆಯನ್ನು ಹಿಂದಕ್ಕೆ ಪಡೆಯಿತು. ಮಕ್ಕಳಿಗಾಗಿ ಇದಕ್ಕೆ ಹೆಚ್ಚು ದುಡ್ಡು ಕೊಡಲು ಸಾಕಾಗುವಷ್ಟು ಗಟ್ಟಿ ಪುರಾವೆ ನನಗೆ ಕಾಣುತ್ತಿಲ್ಲ.

ಸಾವಯವವೆಂದು ಹಸಿ ಹಾಲನ್ನು ಕಾಯಿಸದೆ ಕೊಡಬೇಡಿ. ಕಂದುರೋಗ (ಬ್ರುಸೆಲ್ಲೋಸಿಸ್), ಕ್ಷಯದ ರೋಗಾಣುಗಳು ಮುದ್ರೆ ನೋಡಿ ದೂರ ಉಳಿಯುವುದಿಲ್ಲ.

ಹಾಗಾದರೆ ನೀವೇನು ಮಾಡಬೇಕು? ದುಪ್ಪಟ್ಟು ಬೆಲೆ ನಿಮ್ಮ ಮನೆಯ ತರಕಾರಿ, ಹಣ್ಣು, ಮೊಟ್ಟೆ, ಬೇಳೆಗೆ ಕತ್ತರಿ ಹಾಕುವುದಾದರೆ ಈಗಿನ ಹಾಲನ್ನೇ ಮುಂದುವರಿಸಿ, ಯಾವ ಅಪರಾಧ ಭಾವವೂ ಬೇಡ. ಆ ಹೊರೆ ಇಲ್ಲವೆಂದಾದರೆ ಸಾವಯವ ದೃಢೀಕರಣದ ಮುದ್ರೆಯಿರುವ, ಪರೀಕ್ಷಾ ಫಲಿತಾಂಶ ತೋರಿಸುವ ಹಾಲನ್ನು ಕೊಳ್ಳಿ. ಮಣ್ಣಿಗೂ, ಹಸುವಿಗೂ, ಆ ರೈತನಿಗೂ ಅದರಿಂದ ಒಳ್ಳೆಯದಾಗುತ್ತದೆ. ಪ್ಯಾಕೆಟ್ಟಿನ ಮೇಲೆ +ಎಫ್ ಎಂಬ ಗುರುತಿದ್ದರೆ ಆ ಹಾಲಿಗೆ ವಿಟಮಿನ್ ಎ ಮತ್ತು ಡಿ ಸೇರಿಸಿದ್ದಾರೆ ಎಂದರ್ಥ. ಟೋನ್ಡ್ ಹಾಲಿನಿಂದ ಸಾವಯವಕ್ಕೆ ಬದಲಾಯಿಸುವಾಗ ಇದು ತಪ್ಪಿಹೋಗುತ್ತದೆಯೇ ಎಂದು ನೋಡಿಕೊಳ್ಳಿ.

ಮಗನ ವಿಷಯದಲ್ಲಿ ಸಾವಯವಕ್ಕಿಂತ ಮುಖ್ಯವಾದದ್ದು ಕೊಬ್ಬು ಮತ್ತು ಪ್ರಮಾಣ. ಎರಡು ವರ್ಷದವರೆಗೆ ಮಕ್ಕಳಿಗೆ ಕೊಬ್ಬು ತೆಗೆದ ಹಾಲು ಸಲ್ಲದು. ನಿಮ್ಮ ಟೋನ್ಡ್ ಹಾಲಿನಲ್ಲಿ ಶೇ 3ರಷ್ಟು ಕೊಬ್ಬಿದೆ, ಕೆನೆ ತೆಗೆಯದೆ ಕೊಟ್ಟರೆ ಸಾಕಾಗುತ್ತದೆ, ಶೇ 1.5 ಕೊಬ್ಬಿನ ಡಬಲ್ ಟೋನ್ಡ್ ಮಾತ್ರ ಬೇಡ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗು ಊಟ ಕಡಿಮೆ ಮಾಡುತ್ತದೆ, ಹಾಲಿನಲ್ಲಿ ಕಬ್ಬಿಣದ ಅಂಶ ಅತ್ಯಲ್ಪವಾದ್ದರಿಂದ ರಕ್ತಹೀನತೆಗೆ ಒಳಗಾಗಬಹುದು. ಎರಡು ಲೋಟ ಹಾಲು, ಉಳಿದ ಹೊಟ್ಟೆಗೆ ರಾಗಿ, ಬೇಳೆ, ಸೊಪ್ಪು, ಮೊಟ್ಟೆ ಕೊಡಿ.